ಹೊಸ ಯಂತ್ರಕ್ಕೆ ಹಳೆಯ ಜೀವ

ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತೆಂಬುದು ಕನ್ನಡದ ಗಾದೆ. ಲೋಕದ ರೂಢಿಯೂ ಅದೇ. ಹೊಸ ರೇಡಿಯೋ ಬಂದೊಡನೆ ಹಳೆಯದು ಅಟ್ಟವನ್ನು ಸೇರುತ್ತದೆ. ಹೊಸ ಸ್ಕೂಟರು ಅಂಗಳಕ್ಕೆ ಬಂದ ದಿನವೇ ಹಳೆಯದಕ್ಕೆ ಗಿರಾಕಿಯನ್ನು ಹುಡುಕುವುದುಂಟು. ಆದರೆ 2007 ಮತ್ತು 2008ನೆಯ ಇಸವಿಗಳಲ್ಲಿ ಈ ಗಾದೆ ತಲೆಕೆಳಗಾಯಿತು. ಕೈತುಂಬ ಹಣ ಕೊಟ್ಟು ಹೊಸ ಕಂಪ್ಯೂಟರನ್ನು ಕೊಂಡು ತಂದ ಅಸಂಖ್ಯ ಜನರು, ಅದರ ಪೆಟ್ಟಿಗೆಯ ವಾಸನೆ ಆರುವ ಮೊದಲೇ, ಒಳಗಿದ್ದ ಹೊಸ ವ್ಯವಸ್ಥೆಯನ್ನು ಅಳಿಸಿಹಾಕಿ ಆರು ವರ್ಷ ಹಳೆಯದಾದ ಇನ್ನೊಂದನ್ನು ಅದರ ಸ್ಥಾನದಲ್ಲಿ ಕೂರಿಸಿದರು. ಹಳೆಯ ನೀರೇ ಉಕ್ಕಿ ಬಂದು ಹೊಸ ನೀರನ್ನು ಕೊಚ್ಚಿಕೊಂಡು ಹೋದಂತಾಯಿತು!

ಹೀಗೆ ಹಿಂದಿರುಗಿದವರು ಮೂಢರೆ? ಜಾಣರೆ? ಎರಡೂ ಅಲ್ಲವೆಂದೇ ಹೇಳಬೇಕು. ಅವರು ತಂಗುದಾಣವನ್ನು ಹುಡುಕಿಕೊಂಡ ಪ್ರಯಾಣಿಕರು. ತಂಗುದಾಣವನ್ನೇ ಮನೆಯೆಂದು ಬಗೆದವರಿಗೆ ಮಾತ್ರ ಮುಂದೆ ಕಷ್ಟ ಕಾದಿತ್ತು.

ಒಳಗಿನ ಯಜಮಾನಿ

ಅಡುಗೆಮನೆಯಲ್ಲಿ ಒಲೆಯಿದೆ, ಪಾತ್ರೆಯಿದೆ, ಡಬ್ಬಿಗಳ ತುಂಬ ದಿನಸಿಯಿದೆ. ಆದರೂ ಯಾವುದು ಎಲ್ಲಿದೆ, ಯಾವುದನ್ನು ಮೊದಲು ಒಲೆಗೇರಿಸಬೇಕು, ಯಾರಿಗೆ ಎಷ್ಟು ಬಡಿಸಬೇಕು ಎಂಬುದನ್ನು ಬಲ್ಲ ಯಜಮಾನಿಯಿಲ್ಲದಿದ್ದರೆ ಊಟ ಸಿದ್ಧವಾಗದು. ಕಂಪ್ಯೂಟರಿನ ಒಳಗೆ ಈ ಕೆಲಸವನ್ನು ಮಾಡುವುದೇ ಆಪರೇಟಿಂಗ್ ಸಿಸ್ಟಮ್ ಎಂಬ ಮೂಲ ವ್ಯವಸ್ಥೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ತೆರೆಯ ಮೇಲೆ ಮೂಡಿಸುವುದು, ಪತ್ರವನ್ನು ಡಿಸ್ಕಿನಲ್ಲಿ ಜೋಪಾನ ಮಾಡುವುದು, ಮುದ್ರಣಯಂತ್ರಕ್ಕೆ ಆಜ್ಞೆ ಕೊಡುವುದು ಎಲ್ಲವೂ ಅದರ ಹೊಣೆ.

ಆದರೆ ಆ ಯಜಮಾನಿಗೆ ಎಲ್ಲ ಭಾಗಗಳ ಭಾಷೆಯೂ ತಿಳಿಯದು. ಧ್ವನಿಯ ಬಿಲ್ಲೆಯ ಭಾಷೆ ಒಂದಾದರೆ ಚಿತ್ರ ಮೂಡಿಸುವ ಬಿಲ್ಲೆಯದು ಇನ್ನೊಂದು. ನಡುವೆ ನಿಂತು ಮಾತನ್ನು ದಾಟಿಸುವ ದುಭಾಷಿಗಳು ಬೇಕಾಗುತ್ತವೆ. ಇವಕ್ಕೆ ಡ್ರೈವರುಗಳೆಂದು ಹೆಸರು. ಯಜಮಾನಿ ಬದಲಾದರೆ ದುಭಾಷಿಗಳೂ ಬದಲಾಗಬೇಕು. ಮುಂದೆ ನಡೆದ ರಾದ್ಧಾಂತದ ಬಹುಪಾಲು ಈ ದುಭಾಷಿಗಳಿಗೆ ಸಂಬಂಧಿಸಿದುದೇ.

ವಿಸ್ತಾದ ಆಗಮನ

ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ ಎಕ್ಸ್‌ಪಿ ಎಂಬ ವ್ಯವಸ್ಥೆಯನ್ನು 2001ರ ಅಕ್ಟೋಬರ್ 25ರಂದು ಹೊರತಂದಿತು. ಅದರ ಉತ್ತರಾಧಿಕಾರಿಯಾದ ವಿಂಡೋಸ್ ವಿಸ್ತಾ ಸಾರ್ವಜನಿಕರ ಕೈಗೆ ಬಂದುದು 2007ರ ಜನವರಿ 30ರಂದು. ನಡುವೆ ಐದು ವರ್ಷಗಳಿಗೂ ಮಿಕ್ಕ ಅಂತರ. ಇಷ್ಟು ದೀರ್ಘ ಕಾಲದಲ್ಲಿ ಎಕ್ಸ್‌ಪಿ ಮನೆಮನೆಯಲ್ಲಿ, ಕಚೇರಿ ಕಚೇರಿಯಲ್ಲಿ ಬೇರೂರಿತ್ತು. ಮೊದಮೊದಲು ಅದಕ್ಕಿದ್ದ ದೋಷಗಳಲ್ಲಿ ಅನೇಕವನ್ನು 2004ರ ಆಗಸ್ಟ್ ತಿಂಗಳಲ್ಲಿ ಬಂದ ಎರಡನೆಯ ಸರ್ವಿಸ್ ಪ್ಯಾಕ್ ತಿದ್ದಿತ್ತು. ಜನ ಅದರ ಗುಣಾವಗುಣಗಳನ್ನೆಲ್ಲ ಬಲ್ಲವರಾಗಿದ್ದರು.

ವಿಸ್ತಾ ನೋಡಲು ಚೆಲುವಾಗಿತ್ತು. ಅದರ ಕಿಟಕಿಗಳ ಅಂಚು ಗಾಜಿನಂತೆ ಪಾರದರ್ಶಕವಾಗಿ ಹೊಳೆಯುತ್ತಿತ್ತು. ಆದರೆ ಚೆಲುವಿಗೆ ತಕ್ಕ ಹಸಿವೂ ಇತ್ತು. ಎಕ್ಸ್‌ಪಿಗೆ 128 ಮೆಗಾಬೈಟ್ ಸ್ಮರಣೆಯಿದ್ದರೆ ಒಳಿತೆಂದು ತಯಾರಕರೇ ಹೇಳಿದ್ದರು. ವಿಸ್ತಾಕ್ಕಾದರೋ ಕನಿಷ್ಠ 512 ಮೆಗಾಬೈಟ್ ಬೇಕು. ಗಾಜಿನ ಶೃಂಗಾರವೂ ಬೇಕೆಂದರೆ 1 ಗಿಗಾಬೈಟ್. ಎಕ್ಸ್‌ಪಿಯ ಸ್ಥಾಪನೆಗೆ ಡಿಸ್ಕಿನಲ್ಲಿ ಒಂದೂವರೆ ಗಿಗಾಬೈಟ್ ಸ್ಥಳ ಸಾಕಾಗಿದ್ದರೆ ವಿಸ್ತಾ ಕೇಳಿದುದು 15 ಗಿಗಾಬೈಟ್.

ಭದ್ರತೆಗಾಗಿ ವಿಸ್ತಾ ಪದೇ ಪದೇ ತಡೆದು, ಈ ಕೆಲಸಕ್ಕೆ ಒಪ್ಪಿಗೆಯಿದೆಯೆ ಎಂದು ಕೇಳುತ್ತಿತ್ತು. ಉದ್ದೇಶ ಒಳ್ಳೆಯದೇ. ಆದರೆ ಬಾಗಿಲಲ್ಲಿ ನಿಂತ ಕಾವಲುಗಾರ ಮನೆಯ ಯಜಮಾನನನ್ನೇ ಗಳಿಗೆಗೊಮ್ಮೆ ಯಾರೆಂದು ಕೇಳಿದರೆ ಯಾರಿಗೆ ಸಹನೆ ಉಳಿದೀತು? ಆರಂಭದ ದಿನಗಳಲ್ಲಿ ಕಡತವೊಂದನ್ನು ನಕಲು ಮಾಡುವುದಕ್ಕೂ ಅದು ವಿಪರೀತ ಕಾಲ ತೆಗೆದುಕೊಳ್ಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತೊಂದರೆ ದುಭಾಷಿಗಳದು. ವಿಸ್ತಾದಲ್ಲಿ ಚಿತ್ರದ ಬಿಲ್ಲೆಗಳ ಡ್ರೈವರುಗಳ ರಚನಾಕ್ರಮವನ್ನೇ ಬದಲಾಯಿಸಲಾಗಿತ್ತು. ಮನೆಯಲ್ಲಿದ್ದ ಎಷ್ಟೋ ಮುದ್ರಣಯಂತ್ರಗಳಿಗೂ ಸ್ಕ್ಯಾನರುಗಳಿಗೂ ಹೊಸ ಡ್ರೈವರುಗಳು ಇನ್ನೂ ಸಿದ್ಧವಾಗಿರಲಿಲ್ಲ. ಚೆನ್ನಾಗಿ ನಡೆಯುತ್ತಿದ್ದ ಯಂತ್ರಗಳು ಒಂದೇ ರಾತ್ರಿಯಲ್ಲಿ ಮೂಗುಬಸವನಂತೆ ಕುಳಿತವು.

ವಿಸ್ತಾಕ್ಕೆ ಯೋಗ್ಯವೆಂಬ ಚೀಟಿಯನ್ನು ಅಂಟಿಸಿ ಮಾರಿದ ದುರ್ಬಲ ಕಂಪ್ಯೂಟರುಗಳ ಬಗ್ಗೆ 2007ರಲ್ಲಿ ಅಮೆರಿಕದ ಸಿಯಾಟಲ್ ನಗರದ ನ್ಯಾಯಾಲಯದಲ್ಲಿ ದಾವೆಯೇ ಹೂಡಲ್ಪಟ್ಟಿತು. ಆ ದಾವೆಯಲ್ಲಿ ಬಯಲಿಗೆ ಬಂದ ಪತ್ರಗಳು ಸ್ವಾರಸ್ಯಕರವಾಗಿದ್ದವು. 2,100 ಡಾಲರು ಕೊಟ್ಟು ಕೊಂಡ ತಮ್ಮ ಯಂತ್ರ ಈಗ ಮಿಂಚಂಚೆ ನೋಡಲಷ್ಟೇ ಉಪಯೋಗವೆಂದು ಮೈಕ್ರೋಸಾಫ್ಟಿನ ಉಪಾಧ್ಯಕ್ಷರೊಬ್ಬರೇ ಸಹೋದ್ಯೋಗಿಗಳಿಗೆ ಬರೆದುಕೊಂಡಿದ್ದರು!

ಉಳಿಸಿಕೊಳ್ಳುವ ಹೋರಾಟ

ಗಿರಾಕಿಗಳು ಸುಮ್ಮನಿರಲಿಲ್ಲ. ಟೆಕ್ಸಾಸ್ ರಾಜ್ಯದ ಡೆಲ್ ಸಂಸ್ಥೆ ಜನರ ಸಲಹೆಗಳನ್ನು ಕೇಳಿದಾಗ, ಹಳೆಯ ಎಕ್ಸ್‌ಪಿಯನ್ನೇ ಕೊಡಿ ಎಂಬ ಕೋರಿಕೆಗೆ ಭಾರಿ ಬೆಂಬಲ ದೊರೆಯಿತು. 2007ರ ಏಪ್ರಿಲ್‌ನಲ್ಲಿ ಆ ಸಂಸ್ಥೆ ಗೃಹೋಪಯೋಗದ ಕೆಲವು ಮಾದರಿಗಳಲ್ಲಿ ಎಕ್ಸ್‌ಪಿಯನ್ನು ಪುನಃ ಒದಗಿಸಿತು. 2008ರ ಆರಂಭದಲ್ಲಿ ಇನ್ಫೋವರ್ಲ್ಡ್ ಎಂಬ ಅಮೆರಿಕನ್ ಪತ್ರಿಕೆ, ಎಕ್ಸ್‌ಪಿಯ ಮಾರಾಟವನ್ನು ನಿಲ್ಲಿಸಬಾರದೆಂದು ಮನವಿಯೊಂದನ್ನು ಹೊರಡಿಸಿತು. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಅದಕ್ಕೆ ಸಹಿ ಹಾಕಿದರು. ಒಂದು ಹಳೆಯ ಸರಕನ್ನು ಮಾರುತ್ತಲೇ ಇರಿ ಎಂದು ಗಿರಾಕಿಗಳು ಅಂಗಡಿಕಾರನನ್ನು ಬೇಡಿಕೊಂಡ ಈ ಪ್ರಸಂಗ ವ್ಯಾಪಾರದ ಇತಿಹಾಸದಲ್ಲಿ ಅಪರೂಪವೇ ಸರಿ.

2008ರ ಜನವರಿಯಲ್ಲಿ ನಿಲ್ಲಬೇಕಾಗಿದ್ದ ಮಾರಾಟ ಅಷ್ಟರಲ್ಲೇ ಜೂನ್ 30ಕ್ಕೆ ಮುಂದೂಡಲ್ಪಟ್ಟಿತ್ತು. ಅಗ್ಗದ ಪುಟ್ಟ ಕಂಪ್ಯೂಟರುಗಳಿಗೆ ವಿಸ್ತಾದ ಭಾರ ಹೊರುವ ಶಕ್ತಿಯಿರಲಿಲ್ಲವಾದ್ದರಿಂದ ಅವುಗಳಿಗೆ ಮಾತ್ರ ಆಮೇಲೂ ಎಕ್ಸ್‌ಪಿ ದೊರೆಯಿತು. ಉಳಿದವರಿಗೆ ಇನ್ನೊಂದು ಕಿರುಬಾಗಿಲು ತೆರೆದಿತ್ತು. ವಿಸ್ತಾದ ಬಿಸಿನೆಸ್ ಅಥವಾ ಅಲ್ಟಿಮೇಟ್ ಆವೃತ್ತಿಯಿದ್ದ ಹೊಸ ಯಂತ್ರವನ್ನು ಕೊಂಡವರು, ಅದೇ ಪರವಾನಗಿಯ ಬಲದಿಂದ ಎಕ್ಸ್‌ಪಿ ಪ್ರೊಫೆಷನಲ್ ಆವೃತ್ತಿಯನ್ನು ಬಳಸಬಹುದಾಗಿತ್ತು. ಮನೆಬಳಕೆಯ ಅಗ್ಗದ ಆವೃತ್ತಿಗಳನ್ನು ಕೊಂಡವರಿಗೆ ಈ ಹಕ್ಕಿರಲಿಲ್ಲ. ಅಂಗಡಿಯಲ್ಲಿ ಕೆಲವು ಸಾವಿರ ರೂಪಾಯಿಗಳ ಉಳಿತಾಯವಾಯಿತೆಂದು ಹಿಗ್ಗಿದವರಿಗೆ, ಹಿಂದಿರುಗುವ ಬಾಗಿಲು ಮುಚ್ಚಿದೆಯೆಂಬುದು ತಿಳಿದದ್ದು ಮನೆಗೆ ಬಂದ ಮೇಲೆ.

ದಾರಿಯ ಮುಳ್ಳುಗಳು

ಹಕ್ಕಿದ್ದವರ ಪಾಡೂ ಸುಖಕರವಾಗಿರಲಿಲ್ಲ. ಹೊಸ ವ್ಯವಸ್ಥೆಯನ್ನು ತೆಗೆದು ಹಳೆಯದನ್ನು ಹಾಕುವುದೆಂದರೆ ಹಿಂದಕ್ಕೆ ತಿರುಗಿಸುವ ಗುಂಡಿಯೊಂದನ್ನು ಒತ್ತುವುದಲ್ಲ. ಮನೆಯ ಗೋಡೆಗಳನ್ನು ಉಳಿಸಿ ಒಳಗಿನದನ್ನೆಲ್ಲ ಹೊರಗೆಸೆದು, ಪುನಃ ಸಂಸಾರ ಹೂಡಿದಂತೆ. ಡಿಸ್ಕನ್ನು ಪೂರ್ಣವಾಗಿ ಅಳಿಸಬೇಕು. ಮದುವೆಯ ಫೋಟೋಗಳು, ಮಗಳ ಪರೀಕ್ಷೆಯ ಟಿಪ್ಪಣಿಗಳು, ತೆರಿಗೆಯ ಲೆಕ್ಕಪತ್ರ—ಮೊದಲೇ ಬೇರೆಡೆಗೆ ನಕಲು ಮಾಡಿಡದಿದ್ದರೆ ಎಲ್ಲವೂ ಅದರೊಡನೆಯೇ ಹೋಗುತ್ತವೆ. ಅನೇಕ ತಯಾರಕರು ವಿಸ್ತಾದ ಮೂಲಪ್ರತಿಯನ್ನು ಪ್ರತ್ಯೇಕ ಡಿಸ್ಕಿನಲ್ಲಿ ಕೊಡದೆ ಯಂತ್ರದೊಳಗಿನ ಗುಪ್ತ ಭಾಗವೊಂದರಲ್ಲಿ ಇಟ್ಟಿರುತ್ತಿದ್ದರು. ಅದನ್ನು ಡಿ.ವಿ.ಡಿ.ಗಳಿಗೆ ಇಳಿಸಿಕೊಳ್ಳದೆ ಇಡೀ ಡಿಸ್ಕನ್ನು ಅಳಿಸಿದವರಿಗೆ ಹಳೆಯದೂ ನೆಲೆಗೊಳ್ಳದೆ ಹೊಸದೂ ಕೈಬಿಟ್ಟು ಹೋದ ಉದಾಹರಣೆಗಳುಂಟು.

ಎಲ್ಲ ಸಿದ್ಧತೆಯನ್ನೂ ಮಾಡಿಕೊಂಡು, ಭಾನುವಾರ ಬೆಳಗ್ಗೆ ಕಾಫಿ ಕುಡಿದು ಎಕ್ಸ್‌ಪಿಯ ಸಿ.ಡಿ.ಯನ್ನು ಯಂತ್ರಕ್ಕೆ ಉಣಿಸಿದ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ನೀಲಿಯ ತೆರೆ ಮೂಡುತ್ತದೆ. ಅಕ್ಷರಗಳು ಓಡುತ್ತವೆ. ಅನಂತರ ಎದುರಾಗುವುದು ಎರಡರಲ್ಲೊಂದು: ಯಂತ್ರದಲ್ಲಿ ಹಾರ್ಡ್ ಡಿಸ್ಕೇ ಇಲ್ಲವೆಂಬ ಸಂದೇಶ, ಇಲ್ಲವೆ 7ಬಿ ಎಂದು ಕೊನೆಗೊಳ್ಳುವ ದೋಷಸಂಖ್ಯೆಯನ್ನು ಹೊತ್ತ ಇನ್ನೊಂದು ನೀಲಿ ತೆರೆ. ಡಿಸ್ಕು ಕಣ್ಣೆದುರಿಗೇ ಇದೆ, ಬೆಳಗ್ಗೆಯವರೆಗೆ ಅದು ನಡೆಯುತ್ತಲೂ ಇತ್ತು. ಈಗ ಇಲ್ಲವೆಂದರೆ ಏನರ್ಥ?

ಅರ್ಥ ಸರಳವಾಗಿಯೇ ಇದೆ. ಎಕ್ಸ್‌ಪಿಯ ಸಿ.ಡಿ. ರೂಪುಗೊಂಡುದು 2001ರಲ್ಲಿ. 2007ರ ಹೊಸ ಯಂತ್ರಗಳು ಡಿಸ್ಕಿನೊಡನೆ ಸಾಟಾ ಎಂಬ ಹೊಸ ಮಾರ್ಗದ ಮೂಲಕ, ಎ.ಎಚ್.ಸಿ.ಐ. ಎಂಬ ಹೊಸ ಕ್ರಮದಲ್ಲಿ ವ್ಯವಹರಿಸುತ್ತಿದ್ದವು. ಆ ಕ್ರಮಕ್ಕೆ ಬೇಕಾದ ದುಭಾಷಿ ಹಳೆಯ ಸಿ.ಡಿ.ಯಲ್ಲಿರಲಿಲ್ಲ. ಎಕ್ಸ್‌ಪಿ ಇದಕ್ಕೊಂದು ಉಪಾಯವನ್ನೂ ಹೇಳುತ್ತಿತ್ತು: ಆರಂಭದಲ್ಲಿ ಎಫ್ 6 ಎಂಬ ಕೀಲಿಯನ್ನೊತ್ತಿ, ಡ್ರೈವರನ್ನು ಫ್ಲಾಪಿಯಲ್ಲಿ ಕೊಡಿ! ಹೊಸ ಯಂತ್ರಗಳಲ್ಲಿ ಫ್ಲಾಪಿಯ ಬಾಯಿಯೇ ಅಪರೂಪವಾಗಿತ್ತು ಎಂಬುದು ಈ ಉಪಾಯದ ವಿನೋದ.

ಬಲ್ಲವರು ಬೇರೆ ಎರಡು ದಾರಿಗಳನ್ನು ಹಿಡಿದರು. ಯಂತ್ರ ಎಚ್ಚರಗೊಳ್ಳುವಾಗ ತೆರೆಯಬಹುದಾದ ಬಯೋಸ್ ಎಂಬ ಮೂಲ ಪಟ್ಟಿಯಲ್ಲಿ ಡಿಸ್ಕಿನ ವ್ಯವಹಾರವನ್ನು ಹಳೆಯ ಐ.ಡಿ.ಇ. ಕ್ರಮಕ್ಕೆ ಬದಲಾಯಿಸುವುದು ಒಂದು. ಬೇಕಾದ ಡ್ರೈವರನ್ನು ಮೊದಲೇ ಸೇರಿಸಿ ಹೊಸದಾಗಿ ಸಿ.ಡಿ.ಯೊಂದನ್ನು ಸಿದ್ಧಪಡಿಸಿಕೊಳ್ಳುವುದು ಇನ್ನೊಂದು.

ಇಷ್ಟಾದ ಮೇಲೆ ಸ್ಥಾಪನೆ ಮುಂದುವರಿಯುತ್ತದೆ. ಇನ್ನು ಸುಮಾರು 39 ನಿಮಿಷಗಳೆಂದು ಎಕ್ಸ್‌ಪಿ ತಿಳಿಸುತ್ತದೆ. ಆ ನಿಮಿಷಗಳು ಗಡಿಯಾರದ ನಿಮಿಷಗಳೊಡನೆ ಹೊಂದಿಕೊಳ್ಳುವುದು ಅಪರೂಪ. ಕಡೆಗೊಮ್ಮೆ ಹಸುರು ಗುಡ್ಡ, ನೀಲಿ ಆಕಾಶದ ಪರಿಚಿತ ಚಿತ್ರ ಮೂಡಿದಾಗ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆದರೆ ಧ್ವನಿಯಿಲ್ಲ, ಚಿತ್ರ ದಪ್ಪದಪ್ಪ, ಅಂತರಜಾಲದ ಸಂಪರ್ಕವಿಲ್ಲ. ಒಳಗಿನ ಭಾಗಗಳ ಪಟ್ಟಿಯಲ್ಲಿ ಹಳದಿಯ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ಕುಳಿತಿವೆ. ಡ್ರೈವರುಗಳನ್ನು ಅಂತರಜಾಲದಿಂದ ತರಬೇಕು. ಅಂತರಜಾಲವನ್ನು ಸೇರುವುದಕ್ಕೇ ಡ್ರೈವರು ಬೇಕು. ಹುಚ್ಚು ಬಿಟ್ಟಲ್ಲದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಮುಂಜಾಗ್ರತೆಯುಳ್ಳವರು ಇವೆಲ್ಲವನ್ನೂ ಮೊದಲೇ ಪೆನ್‌ಡ್ರೈವಿನಲ್ಲಿ ತುಂಬಿಟ್ಟುಕೊಂಡಿರುತ್ತಿದ್ದರು. ಉಳಿದವರು ಪಕ್ಕದ ಮನೆಯವರ ಕಂಪ್ಯೂಟರಿಗೆ ಶರಣು ಹೋದರು.

ತುಂಗೆಯ ತೀರದಲ್ಲಿ

ಕನ್ನಡವನ್ನು ಬಳಸುವವರಿಗೆ ಈ ಹಿಂದಿರುಗುವಿಕೆಯಲ್ಲಿ ಇನ್ನೊಂದು ಸಣ್ಣ ನಷ್ಟವಿತ್ತು. ವಿಂಡೋಸಿನಲ್ಲಿ ಯೂನಿಕೋಡ್ ಕನ್ನಡಕ್ಕೆ ಸ್ಥಾನ ದೊರೆತದ್ದು ಎಕ್ಸ್‌ಪಿಯ ಕಾಲದಲ್ಲೇ. ಅದರೊಡನೆ ಬಂದ ಕನ್ನಡ ಲಿಪಿಯ ಹೆಸರೂ ತುಂಗಾ—ಮಲೆನಾಡಿನ ನದಿಯ ಹೆಸರು. ಆದರೆ ಎಕ್ಸ್‌ಪಿಯಲ್ಲಿ ಈ ಸೌಲಭ್ಯ ತಾನಾಗಿಯೇ ತೆರೆದುಕೊಳ್ಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲಿನೊಳಗೆ ಪ್ರಾದೇಶಿಕ ಭಾಷೆಗಳ ವಿಭಾಗವನ್ನು ತೆರೆದು, ಸಂಕೀರ್ಣ ಲಿಪಿಗಳು ಬೇಕೆಂದು ಗುರುತು ಹಾಕಿ, ಸ್ಥಾಪನೆಯ ಸಿ.ಡಿ.ಯನ್ನು ಪುನಃ ಹಾಕಬೇಕಾಗಿತ್ತು. ಅಲ್ಲಿಯವರೆಗೆ ಕನ್ನಡದ ಪುಟವೊಂದನ್ನು ತೆರೆದರೆ ಕಾಣುತ್ತಿದ್ದುದು ಚೌಕಗಳ ಸಾಲು, ಇಲ್ಲವೆ ಒತ್ತು ಒಂದೆಡೆ ಗುಣಿತ ಒಂದೆಡೆ ಬಿದ್ದ ಅಕ್ಷರಗಳ ತುಂಡುಗಳು. ವಿಸ್ತಾದಲ್ಲಿ ಈ ಕಷ್ಟವಿರಲಿಲ್ಲ. ಮೊದಲ ದಿನದಿಂದಲೇ ಕನ್ನಡ ಸರಿಯಾಗಿ ಮೂಡುತ್ತಿತ್ತು. ಹೊಸದೆಲ್ಲ ಹೊರೆಯೇ ಅಲ್ಲ, ಬಿಟ್ಟುಬರುವಾಗ ಕೆಲವು ಒಳ್ಳೆಯದನ್ನೂ ಬಿಟ್ಟುಬರಬೇಕಾಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಹೆಸರು ಮರೆಸಿದ ಪ್ರಯೋಗ

ವಿಸ್ತಾದ ಅಪಕೀರ್ತಿಯೆಲ್ಲ ನ್ಯಾಯವಾದುದೆ? 2008ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಒಂದು ಚಮತ್ಕಾರವನ್ನು ನಡೆಸಿತು. ವಿಸ್ತಾದ ಬಗ್ಗೆ ತಿರಸ್ಕಾರವಿದ್ದ ಜನರನ್ನು ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಕರೆಸಿ, ಮೊಹಾವಿ ಎಂಬ ಗುಪ್ತನಾಮದ ಮುಂದಿನ ವ್ಯವಸ್ಥೆಯಿದು ಎಂದು ತೋರಿಸಲಾಯಿತು. ನೋಡಿದವರಲ್ಲಿ ಹೆಚ್ಚಿನವರು ಮೆಚ್ಚಿ ತಲೆದೂಗಿದರು. ಅನಂತರ ಗುಟ್ಟು ರಟ್ಟಾಯಿತು: ಅವರು ಮೆಚ್ಚಿದುದು ವಿಸ್ತಾವನ್ನೇ!

ಕೇಳಿದ ಮಾತಿನ ಪ್ರಭಾವ ಎಷ್ಟೆಂಬುದನ್ನು ಈ ಪ್ರಯೋಗ ತೋರಿಸಿತು. ಆದರೆ ಟೀಕಾಕಾರರ ಉತ್ತರವೂ ತೂಕದ್ದೇ ಆಗಿತ್ತು. ಅಲ್ಲಿದ್ದುದು ಚೆನ್ನಾಗಿ ಸಜ್ಜುಗೊಳಿಸಿದ ಯಂತ್ರ. ಹಳೆಯ ಮುದ್ರಣಯಂತ್ರವನ್ನು ಅದಕ್ಕೆ ಜೋಡಿಸುವ ಸಂಕಟ ಅಲ್ಲಿ ಯಾರಿಗೂ ಇರಲಿಲ್ಲ. ಮದುವೆಮನೆಯಲ್ಲಿ ಸೊಸೆಯನ್ನು ನೋಡುವುದು ಬೇರೆ, ಅವಳೊಡನೆ ಸಂಸಾರ ಮಾಡುವುದು ಬೇರೆ.

ಸತ್ಯ ಎರಡರ ನಡುವೆ ಇತ್ತು. 2008ರಲ್ಲಿ ಬಂದ ಮೊದಲ ಸರ್ವಿಸ್ ಪ್ಯಾಕ್ ವಿಸ್ತಾದ ಅನೇಕ ತೊಡಕುಗಳನ್ನು ತಿದ್ದಿತು. ಯಂತ್ರಗಳ ಶಕ್ತಿ ಹೆಚ್ಚಿತು. ಡ್ರೈವರುಗಳು ಒಂದೊಂದಾಗಿ ಸಿದ್ಧವಾದವು. 2009ರ ಅಕ್ಟೋಬರ್ 22ರಂದು ಹೊರಬಂದ ವಿಂಡೋಸ್ 7 ಜನರ ಮನಸ್ಸನ್ನು ಗೆದ್ದಿತು. ಅದರ ತಳಹದಿ ಬಹುಮಟ್ಟಿಗೆ ವಿಸ್ತಾದ್ದೇ. ವಿಸ್ತಾಕ್ಕೆಂದು ಬರೆದ ಡ್ರೈವರುಗಳಲ್ಲಿ ಹೆಚ್ಚಿನವು ಅದಕ್ಕೂ ಒದಗಿದವು. ಮೊದಲು ದಾರಿ ತುಳಿದವನ ಕಾಲಿಗೆ ಮುಳ್ಳು, ಹಿಂದೆ ಬಂದವನಿಗೆ ಹಸನಾದ ಹಾದಿ. ಎಕ್ಸ್‌ಪಿಗೆ ಹಿಂದಿರುಗಿ ಎರಡು ವರ್ಷ ಕಾದು, ನೇರವಾಗಿ ಏಳನೆಯದಕ್ಕೆ ಕಾಲಿಟ್ಟವರ ಲೆಕ್ಕಾಚಾರ ತಪ್ಪಾಗಿರಲಿಲ್ಲ.

ಕಾವಲಿಲ್ಲದ ಮನೆ

ಆದರೆ ಅಲ್ಲೇ ನಿಂತುಬಿಟ್ಟವರೂ ಇದ್ದರು. 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ತಯಾರಕರ ಆರೈಕೆ ಮುಗಿಯಿತು. ಯಾವ ವ್ಯವಸ್ಥೆಯೂ ರಂಧ್ರಗಳಿಲ್ಲದೆ ಹುಟ್ಟುವುದಿಲ್ಲ. ಕಳ್ಳರು ಒಂದು ರಂಧ್ರವನ್ನು ಕಂಡುಹಿಡಿದರೆ ತಯಾರಕರು ಅದಕ್ಕೆ ತೇಪೆ ಹಾಕುತ್ತಾರೆ. ಆರೈಕೆ ನಿಂತಿತೆಂದರೆ ತೇಪೆಯೂ ನಿಂತಿತು. ಕಳ್ಳರ ಹುಡುಕಾಟ ಮಾತ್ರ ನಿಲ್ಲುವುದಿಲ್ಲ. ಯಂತ್ರ ಹಿಂದಿನಂತೆಯೇ ನಡೆಯುತ್ತಿರುತ್ತದೆ. ಅಪಾಯ ಕಣ್ಣಿಗೆ ಕಾಣದಿರುವುದೇ ಇಲ್ಲಿಯ ದೊಡ್ಡ ಅಪಾಯ.

ಮನೆಗಳಲ್ಲಿ ಮಾತ್ರವಲ್ಲ, ಬ್ಯಾಂಕುಗಳ ಎ.ಟಿ.ಎಂ. ಯಂತ್ರಗಳಲ್ಲಿಯೂ ಎಕ್ಸ್‌ಪಿ ಉಳಿದುಕೊಂಡಿತ್ತು. ಅದರ ಆರೈಕೆ ಮುಗಿದು ನಾಲ್ಕು ವರ್ಷ ಕಳೆದ ಮೇಲೆ, 2018ರ ಜೂನ್‌ನಲ್ಲಿ, ಭಾರತೀಯ ರಿಸರ್ವ್ ಬ್ಯಾಂಕು ಅಂಥ ಎ.ಟಿ.ಎಂ.ಗಳನ್ನೆಲ್ಲ ಹಂತಹಂತವಾಗಿ 2019ರ ಜೂನ್ ಒಳಗೆ ಬದಲಾಯಿಸಬೇಕೆಂದು ಬ್ಯಾಂಕುಗಳಿಗೆ ಗಡುವು ಕೊಡಬೇಕಾಯಿತು.

ಅದಕ್ಕೆ ಮೊದಲು, 2017ರ ಮೇ 12ರಂದು, ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಅನೇಕ ದೇಶಗಳ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಬಿಡುಗಡೆಗೆ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸುವ ಪರಿಸ್ಥಿತಿ ಒದಗಿತು. ಕೈಬಿಟ್ಟಿದ್ದ ಎಕ್ಸ್‌ಪಿಗೂ ಆಗ ಮೈಕ್ರೋಸಾಫ್ಟ್ ಅಪವಾದವಾಗಿ ಒಂದು ತೇಪೆಯನ್ನು ಕೊಟ್ಟಿತು. ಆದರೆ ಗಮನಿಸಬೇಕಾದ ಮಾತೊಂದಿದೆ. ಅಂದು ಹೆಚ್ಚಾಗಿ ಬಲಿಯಾದುವು ಎಕ್ಸ್‌ಪಿಯ ಯಂತ್ರಗಳಲ್ಲ. ಎರಡು ತಿಂಗಳ ಹಿಂದೆಯೇ ದೊರೆತಿದ್ದ ತೇಪೆಯನ್ನು ಹಾಕಿಸಿಕೊಳ್ಳದ ವಿಂಡೋಸ್ 7ರ ಯಂತ್ರಗಳು. ಹಳೆಯದು ಹೊಸದೆಂಬುದಕ್ಕಿಂತ ಆರೈಕೆಯುಂಟೇ ಇಲ್ಲವೇ ಎಂಬುದೇ ಮುಖ್ಯ.

ಇಂದಿನ ಗೃಹಸ್ಥನಿಗೆ

ಕಥೆ ಅಲ್ಲಿಗೆ ಮುಗಿಯಲಿಲ್ಲ. 2015ರ ಅನಂತರದ ಯಂತ್ರಗಳಿಗೆ ವಿಂಡೋಸ್ 7ನ್ನು ಹಾಕಹೊರಟವರ ಕೀಲಿಮಣೆ, ಮೌಸುಗಳು ಸ್ಥಾಪನೆಯ ನಡುವೆಯೇ ಸ್ತಬ್ಧವಾದವು. ಹೊಸ ಯು.ಎಸ್.ಬಿ. ಕಿಂಡಿಗಳ ಭಾಷೆ ಹಳೆಯ ಡಿಸ್ಕಿಗೆ ತಿಳಿದಿರಲಿಲ್ಲ. ಫ್ಲಾಪಿಯ ಕಥೆಯೇ ಬೇರೆ ವೇಷದಲ್ಲಿ ಬಂದಿತ್ತು. 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಹೊರಬಂದಾಗ, ಹತ್ತನೆಯದೇ ಚೆನ್ನಾಗಿತ್ತೆಂಬ ಮಾತು ಪುನಃ ಕೇಳಿಬಂದಿತು. ಆದರೆ ಹತ್ತನೆಯದಕ್ಕೆ ಸಾಮಾನ್ಯ ಆರೈಕೆ 2025ರ ಅಕ್ಟೋಬರ್ 14ರಂದು ಮುಗಿಯಿತು. ಆಮೇಲಿನ ಭದ್ರತೆಯ ತೇಪೆಗಳು ಪ್ರತ್ಯೇಕವಾಗಿ ನೋಂದಾಯಿಸಿಕೊಂಡವರಿಗೆ, ಅದೂ ಮಿತಿಯಾದ ಅವಧಿಗೆ ಮಾತ್ರ.

ಹಾಗಾದರೆ ಹೊಸ ಯಂತ್ರ ಕೊಂಡು ಹಳೆಯ ವ್ಯವಸ್ಥೆಗೆ ಮನಸ್ಸು ಎಳೆದಾಗ ವಿಚಾರಿಸಬೇಕಾದ ಪ್ರಶ್ನೆಗಳು ನಾಲ್ಕೇ. ಆ ಹಳೆಯದಕ್ಕೆ ಆರೈಕೆ ಯಾವ ದಿನದವರೆಗೆ? ಕೊಂಡ ಪರವಾನಗಿಯಲ್ಲಿ ಹಿಂದಿರುಗುವ ಹಕ್ಕಿದೆಯೆ? ಯಂತ್ರದ ಭಾಗಗಳಿಗೆಲ್ಲ ಆ ವ್ಯವಸ್ಥೆಯ ಡ್ರೈವರುಗಳನ್ನು ತಯಾರಕರು ಕೊಟ್ಟಿದ್ದಾರೆಯೆ? ಮನೆಯವರ ಫೋಟೋಗಳೂ ಪತ್ರಗಳೂ ಬೇರೊಂದು ಡಿಸ್ಕಿನಲ್ಲಿ ಭದ್ರವಾಗಿವೆಯೆ? ನಾಲ್ಕಕ್ಕೂ ಸರಿಯಾದ ಉತ್ತರ ದೊರೆತರೆ ಹಿಂದಿರುಗಲು ಸಂಕೋಚಪಡಬೇಕಾಗಿಲ್ಲ. ಮೊದಲನೆಯ ಪ್ರಶ್ನೆಯ ದಿನಾಂಕ ಕಳೆದುಹೋಗಿದ್ದರೆ ಉಳಿದ ಮೂರನ್ನು ಕೇಳುವ ಅಗತ್ಯವೇ ಇಲ್ಲ.

ಹಳೆಯದರಲ್ಲಿ ಮನಸ್ಸಿಗೆ ನೆಮ್ಮದಿಯುಂಟು. ಕೈ ಪಳಗಿದ ಜಾಗದಲ್ಲಿ ಎಲ್ಲವೂ ಇರುತ್ತದೆ. ಕಣ್ಣು ಮುಚ್ಚಿಕೊಂಡರೂ ಕೆಲಸ ಸಾಗುತ್ತದೆ. ಎರಡು ಲಕ್ಷ ಜನ ಸಹಿ ಹಾಕಿದುದು ಈ ನೆಮ್ಮದಿಗಾಗಿಯೇ. ಅದು ಹಾಸ್ಯಾಸ್ಪದವಲ್ಲ. ತಯಾರಕರು ಆತುರದಿಂದ ಹೊರಡಿಸಿದುದನ್ನು ಗಿರಾಕಿ ಆತುರದಿಂದ ಒಪ್ಪಿಕೊಳ್ಳಬೇಕೆಂಬ ಕಟ್ಟಳೆಯೂ ಇಲ್ಲ. ಆದರೆ ಛತ್ರದಲ್ಲಿ ತಂಗಿದವನು ಹೊರಡುವ ದಿನವನ್ನು ಮರೆಯಬಾರದು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಾಂಕಕ್ಕೊಂದು ಗುರುತು ಹಾಕಿಟ್ಟರೆ, ಹಳೆಯ ನೀರಿನಲ್ಲಿ ಇನ್ನಷ್ಟು ಕಾಲ ದೋಣಿ ನಡೆಸಿದವನೂ ಹೊಸ ನೀರು ಬರುವ ಹೊತ್ತಿಗೆ ಸುಖವಾಗಿ ದಡ ಸೇರುತ್ತಾನೆ.